ಕೋಟೆಗೋಡೆಯ ಆಚೆ ಬಿದ್ದ ಬೋಕಿ

ಇದನ್ನು ಬರೆಯಬೇಕೆಂದು ಕೂತು, ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ ಎದ್ದುಹೋದದ್ದು ಒಂದೆರಡು ಸಲವಲ್ಲ. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ತೆಂಗಿನಕಾಯಿ ಕೀಳುವವನು ಬಂದ, ಕನ್ನಡಕ ಸಿಗಲಿಲ್ಲ, ಅರಸೀಕೆರೆಯಲ್ಲಿ ಯಾರದೋ ಗೃಹಪ್ರವೇಶ. ಹೇಳಬಾರದೆಂದು ಒಳಗೇ ಗಟ್ಟಿ ಮಾಡಿಕೊಂಡವನಿಗೆ ನೆವಕ್ಕೇನು ಬರ? ಹೀಗೇ ಮೂವತ್ತು ವರ್ಷ ಸರಿದುಹೋಯಿತು. ಈ ಸಲ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು.

ನಗಬೇಡಿ. ಹೋದ ತಿಂಗಳು ನನ್ನಾಕೆ ಬಚ್ಚಲ ಕಲ್ಲಿನ ಮೇಲೆ ಕೂತು, ಕೂದಲು ಸವೆದ ಬ್ರಷ್ಷಿನಿಂದ ಹಿತ್ತಾಳೆ ದೀಪದ ಸಂದುಗೊಂದು ಉಜ್ಜುತ್ತಿದ್ದಳು. ಉಜ್ಜುವುದು, ನೀರಿಗೆ ಅದ್ದುವುದು, ಬಿಸಿಲಿಗೆ ಹಿಡಿದು ನೋಡುವುದು. ಮತ್ತೆ ಉಜ್ಜುವುದು. ನಾನು ಕಾಫಿ ಲೋಟ ಹಿಡಿದವನು ಅಲ್ಲೇ ನಿಂತುಬಿಟ್ಟೆ.

"ಏನ್ರೀ, ಹಂಗ್ ನಿಂತ್ಬಿಟ್ರಿ? ದೀಪ ಕಂಡಿಲ್ವಾ ಯಾವತ್ತೂ?" ಎಂದಳು.

"ಏನಿಲ್ಲ ಕಣೆ."

"ಈ ಏನಿಲ್ಲಾನ ಎಷ್ಟು ವರ್ಷದಿಂದ ಕೇಳ್ತಿದೀನಿ! ಬರೀತೀನಿ ಬರೀತೀನಿ ಅಂತೀರಲ್ಲ, ಬರ್ದು ಬಿಸಾಕಿ ಅತ್ಲಾಗೆ. ಬ್ರಷ್ ಕಂಡು ಬೆಚ್ಚಿಬೀಳೋ ಗಂಡಸು ಈ ತಾಲ್ಲೂಕಲ್ಲೇ ನೀವೊಬ್ರು."

ಅವಳು ಕೂತಿದ್ದ ಆ ಬಚ್ಚಲ ಕಲ್ಲೂ ಸುಮ್ಮನೆ ಬಂದದ್ದಲ್ಲ. ಅದು ಕೋಟೆಯ ಕಲ್ಲು. ನಮ್ಮೂರು ಇರುವುದು ಹಳೇಬೀಡಿನ ಮಗ್ಗುಲಲ್ಲಿ, ಬಸ್ತಿಹಳ್ಳಿಗೆ ಹೋಗುವ ಕಡೆ. ಹಳೇಬೀಡು ಎಂದರೆ ನೀವೆಲ್ಲ ದೇವಸ್ಥಾನ ನೆನೆಯುತ್ತೀರಿ. ಬಸ್ಸಿನಿಂದ ಇಳಿದು, ಕುತ್ತಿಗೆ ನೋಯುವಷ್ಟು ಶಿಲ್ಪ ನೋಡಿ, ಎಳನೀರು ಕುಡಿದು ಬೇಲೂರಿನ ಬಸ್ಸು ಹತ್ತುತ್ತೀರಿ. ಈ ದೇವಸ್ಥಾನಗಳನ್ನೆಲ್ಲ ಒಳಗಿಟ್ಟುಕೊಂಡು ಊರಿನ ಸುತ್ತ ಒಂದು ದೊಡ್ಡ ಕೋಟೆ ಇತ್ತೆಂಬುದನ್ನು ಕೇಳುವವರು ಕಡಿಮೆ. ಅದರ ಗೋಡೆ ಈಗಲೂ ಅಲ್ಲಲ್ಲಿ ಇದೆ. ಗಾರೆಯಿಲ್ಲ, ಸುಣ್ಣವಿಲ್ಲ, ಎಮ್ಮೆಯಷ್ಟು ದಪ್ಪದ ಕಲ್ಲುಗಳು ಒಂದರ ಮೇಲೊಂದು ಕೂತಿವೆ. ಮೇಲೆ ಲಂಟಾನ, ಕೆಳಗೆ ಹಾವಿನ ಬಿಲ, ಪಕ್ಕದ ಕಂದಕದಲ್ಲಿ ಯಾರದೋ ರಾಗಿ ಹೊಲ. ಹೊಯ್ಸಳರ ರಾಜಧಾನಿಯ ಗಡಿ ಅದು. ನಮಗೆ ಆಡು ಮೇಯಿಸುವ ಜಾಗ.

ಬೇಕಾದಾಗ ಕಲ್ಲು ತರುವ ಜಾಗವೂ ಹೌದು. ನಮ್ಮಜ್ಜ ಬಚ್ಚಲಿಗೊಂದು ತಂದ. ಎದುರು ಮನೆಯವರು ದನದ ಕೊಟ್ಟಿಗೆಯ ಮೆಟ್ಟಿಲಿಗೆ ತಂದರು. ಪಕ್ಕದ ಮನೆಯ ಒರಳಿನ ಮೇಲೆ ಅರ್ಧ ಹಂಸ ಇದೆ, ಅದರ ಕೊಕ್ಕಿನ ಮೇಲೆಯೇ ದಿನಾ ಚಟ್ನಿ ಅರೆಯುತ್ತಾರೆ. ಇದನ್ನು ನಾನು ಪಾಪವೆಂದು ಹೇಳಿಕೊಳ್ಳುತ್ತಿಲ್ಲ. ಇಡೀ ಊರು ಸೇರಿ ಮಾಡಿದ್ದಕ್ಕೆ ಒಬ್ಬನೇ ತಲೆ ತಗ್ಗಿಸುವುದು ಜಂಬದ ಇನ್ನೊಂದು ಮುಖ. ನನ್ನದು ನಾನೊಬ್ಬನೇ ಮಾಡಿದ್ದು.

ಕಲ್ಲಿಗಿಂತ ಹೆಚ್ಚಾಗಿ ನಮ್ಮ ಹೊಲಗಳಲ್ಲಿ ಇರುವುದು ಬೋಕಿ. ಒಡೆದ ಮಡಕೆಯ ಚೂರಿಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಉತ್ತರೆ ಬೋಕಿ, ಅಗೆದರೆ ಬೋಕಿ, ಮಳೆ ಬಂದು ನಿಂತರೆ ತೊಳೆದಿಟ್ಟ ಹಾಗೆ ಮೇಲೆದ್ದು ಕೂರುವ ಬೋಕಿ. ಚಿಕ್ಕಂದಿನಲ್ಲಿ ಕುಂಟೆಬಿಲ್ಲೆ ಆಡಲು ಒಳ್ಳೆಯ ಬೋಕಿ ಹುಡುಕಿ, ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡುತ್ತಿದ್ದೆವು. ನನ್ನದೊಂದು ಕಪ್ಪು ಬಿಲ್ಲೆ ಇತ್ತು. ಎಸೆದರೆ ಹಾಕಿದ ಮನೆಯಲ್ಲಿ ಕೂರುತ್ತಿತ್ತು, ಜಾರುತ್ತಿರಲಿಲ್ಲ. ಅದನ್ನು ಕಳೆದುಕೊಂಡ ದಿನ ನಾನು ಉಣ್ಣಲಿಲ್ಲ. ಮುಂದೆ ಹಳೆಯ ರಾಜಧಾನಿಯ ಕುರುಹು ಹುಡುಕಲು ಅಗೆತದವರು ಬಂದಾಗ, ಅಂಥದೇ ಒಂದು ಕಪ್ಪು ಬಿಲ್ಲೆ ಮಣ್ಣಿನಲ್ಲಿ ಸಿಕ್ಕಿತು. ಅವರ ದೊಡ್ಡ ಸಾಹೇಬರು ಅದನ್ನು ಅಂಗೈಯಲ್ಲಿಟ್ಟುಕೊಂಡು, "ನೋಡಿ, ಹೊಯ್ಸಳರ ಕಾಲದ ಮಕ್ಕಳು ಆಡುತ್ತಿದ್ದದ್ದು" ಎಂದು ಎಲ್ಲರಿಗೂ ತೋರಿಸಿದರು. ನನಗೇನೋ ಅದು ನಾನೇ ಕಳೆದುಕೊಂಡದ್ದಿರಬೇಕೆಂದು ಈಗಲೂ ಗುಮಾನಿ. ಆದರೆ ಆಗಲೂ ಬಾಯಿ ಬಿಡಲಿಲ್ಲ. ಬಾಯಿ ಬಿಡದೆ ಇರುವ ಅಭ್ಯಾಸ ಶುರುವಾದದ್ದು ಬಹುಶಃ ಅಲ್ಲಿಂದಲೇ.

ಅಗೆತದವರು ಬಂದದ್ದು ನನಗೆ ನಲವತ್ತು ದಾಟಿದ ಮೇಲೆ. ಏಳೆಂಟು ಜನ, ಎರಡು ಡೇರೆ, ಒಂದು ಜೀಪು. ಅರಮನೆ ಎಲ್ಲಿತ್ತು ಎನ್ನುವುದು ಅವರ ಮೊದಲ ಪ್ರಶ್ನೆ. ಕೋಟೆಯ ಹೊರಗೆ ಬದುಕಿದ ಜನ ಯಾರು, ಅವರ ಬೀದಿ ಎಲ್ಲಿ ಎನ್ನುವುದು ಎರಡನೆಯದು. ಹಾಗಾಗಿ ಗೋಡೆಯ ಒಳಗೊಂದು ಗುಂಡಿ, ಹೊರಗೊಂದು ಗುಂಡಿ ತೆಗೆದರು. ನಾವು ಅವನ್ನು ಒಳಗುಂಡಿ, ಹೊರಗುಂಡಿ ಎನ್ನುತ್ತಿದ್ದೆವು. ಗುಂಡಿಯಲ್ಲಿ ಮಣ್ಣು ಪದರ ಪದರವಾಗಿ ಇರುತ್ತದೆ. ಮೇಲಿನದು ನಿನ್ನೆ ಮೊನ್ನೆಯದು, ಕೆಳಗಿಳಿದಷ್ಟೂ ಹಳೆಯದು. ಯಾವ ಬೋಕಿ ಯಾವ ಗುಂಡಿಯ ಯಾವ ಪದರದ್ದು ಎಂಬುದು ತಪ್ಪಿದರೆ ಅಗೆದದ್ದೆಲ್ಲ ಬರಿಯ ಮಣ್ಣು.

ಅದು ತಪ್ಪದಂತೆ ನೋಡಿಕೊಳ್ಳುವುದಕ್ಕೆ ನನ್ನನ್ನು ಸೇರಿಸಿಕೊಂಡರು. ನನಗೆ ಇದ್ದ ಯೋಗ್ಯತೆ ಎರಡೇ. ಅರಸೀಕೆರೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದ್ದೆ. ಮತ್ತೆ, ನನ್ನ ಅಕ್ಷರ ಮುತ್ತಿನಂತಿತ್ತು. ಈ ಮಾತಿನಲ್ಲಿ ನನಗೆ ಸಂಕೋಚವಿಲ್ಲ. ಸುತ್ತಲಿನ ಹತ್ತು ಊರಿನ ಲಗ್ನಪತ್ರಿಕೆಯ ಮೇಲಿನ ವಿಳಾಸ, ಹಬ್ಬದ ಫಲಕ, ತಾಲ್ಲೂಕು ಕಚೇರಿಗೆ ಹೋಗುವ ಅರ್ಜಿ ಎಲ್ಲವೂ ನನ್ನ ಕೈಯಿಂದಲೇ ಆಗಬೇಕಿತ್ತು. ಬೋಕಿ ತೊಳೆದು ಬಯಲಲ್ಲಿ ಗೋಣಿತಾಟಿನ ಮೇಲೆ ರಾಶಿ ರಾಶಿಯಾಗಿ ಒಣಗಲು ಹಾಕುತ್ತಿದ್ದರು. ಒಂದೊಂದು ರಾಶಿಗೂ ನಾನು ಚೀಟಿ ಬರೆದು, ಪ್ಲಾಸ್ಟಿಕ್ಕಿನಲ್ಲಿ ಮಡಿಸಿ, ದಾರದಿಂದ ತಾಟಿನ ಮೂಲೆಗೆ ಕಟ್ಟಬೇಕು. ಸಂಜೆ ಚೀಟಿ ನೋಡಿ ಪುಸ್ತಕಕ್ಕೆ ಏರಿಸಬೇಕು. ಇಷ್ಟೇ ನನ್ನ ಕೆಲಸ.

ಬೋಕಿ ತೊಳೆಯುತ್ತಿದ್ದದ್ದು ಒಬ್ಬ ಹೆಂಗಸು, ಕುಂಬಾರರ ಮನೆಯವರು. ಹುಟ್ಟಿದ್ದು ಕಣಕಟ್ಟೆ, ಸೊಸೆಯಾಗಿ ಬಂದದ್ದು ನಮ್ಮ ಕಡೆಗೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಅವರ ಹೆಸರನ್ನು ಈಗಲೇ ಬರೆಯುವುದಿಲ್ಲ, ಬರೆಯದೆ ಬಿಡುವುದೂ ಇಲ್ಲ. ನಾನು ಅಕ್ಕ ಎನ್ನುತ್ತಿದ್ದೆ. ಅವರು ನನ್ನನ್ನು ರೈಟ್ರಪ್ಪ ಎನ್ನುತ್ತಿದ್ದರು, ಸ್ವಲ್ಪ ತಮಾಷೆಗೆ. ಬಕೆಟ್ಟಿನ ಮುಂದೆ ಕೂತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಚೂರನ್ನೂ ಉಜ್ಜಿ, ಅದ್ದಿ, ಬಿಸಿಲಿಗೆ ಹಿಡಿದು ನೋಡುವರು.

ನೋಡುವುದು ಕಣ್ಣಿನಿಂದಲ್ಲ. ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದರೆ ಸಾಕು. "ಇದು ಕೋಟೆ ಒಳಗಿನ್ದು. ಮಣ್ಣ ಏಳ್ ಸಲ ಸೋಸವ್ರೆ. ದೊಡ್ಡೋರ್ ಮನೆ ಮಡಕೆ." ಇನ್ನೊಂದನ್ನು ಹಿಡಿದು, "ಇದು ಹೊರಗಿಂದು. ಮರಳು ಬೆರ್ಸವ್ರೆ, ತಳ ಮಸಿ ಹಿಡ್ದೈತೆ. ದಿನಾ ಮುದ್ದೆ ಬೇಯ್ಸಿರೋ ಪಾಪದ್ದು." ಅವರು ಹೇಳಿದ್ದಕ್ಕೂ ಚೀಟಿಯಲ್ಲಿದ್ದದ್ದಕ್ಕೂ ಒಂದು ದಿನವೂ ತಾಳ ತಪ್ಪಲಿಲ್ಲ. ದೊಡ್ಡ ಸಾಹೇಬರು ಮೊದಮೊದಲು ನಕ್ಕರು, ಆಮೇಲೆ ಕುರ್ಚಿ ತಂದು ಅಕ್ಕನ ಪಕ್ಕ ಹಾಕಿಕೊಂಡು ಕೂರತೊಡಗಿದರು. ನನಗೆ ಅದು ಹಿಡಿಸಲಿಲ್ಲ. ನನ್ನ ಅಕ್ಷರದ ಪಕ್ಕ ಅವರು ಯಾವತ್ತೂ ಕುರ್ಚಿ ಹಾಕಿಕೊಂಡವರಲ್ಲ.

ಒಂದು ದಿನ ಹೊರಗುಂಡಿಯಿಂದ ಸೊಟ್ಟ ಸೊಟ್ಟ ಚೂರುಗಳು ಬಂದವು. ಎರಡು ಮೂರು ಮಡಕೆ ಕರಗಿ ಒಂದಕ್ಕೊಂದು ಅಂಟಿಕೊಂಡ ಹಾಗೆ. ಸಾಹೇಬರು ಕೇಳಿದರು, "ಇದೇನಮ್ಮ, ಯಾಕೆ ಹೀಗಿದೆ?"

"ಇದು ಬಳ್ಸಿದ್ ಮಡಕೆ ಅಲ್ಲ ಬುದ್ಧಿ. ಮಡಕೆ ಸುಡೋ ಗೂಡಲ್ಲೇ ಬೆಂಕಿ ಹೆಚ್ಚಾಗಿ ಕೆಟ್ಟೋಗಿರೋದು. ಕೆಟ್ಟಿದ್ ಮಡಕೇನ ಯಾರಾದ್ರೂ ದೂರ ಹೊತ್ಕೊಂಡ್ ಹೋಯ್ತಾರಾ? ಗೂಡಿನ್ ಪಕ್ಕವೇ ಎಸೀತಾರೆ. ಗೂಡು ಇಲ್ಲೇ ಎಲ್ಲೋ ಐತೆ." ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಯ ಆಚೆ ಕೆರೆಯ ಕಡೆಗಿದ್ದ ಒಂದು ದಿಬ್ಬ ತೋರಿಸಿದರು. "ವರ್ಸದ ಮೊದಲ್ನೇ ಗೂಡು ಹಚ್ಚೋಕೆ ಮುಂಚೆ ನಮ್ಮತ್ತೆ ಆ ದಿಬ್ಬದ ಮ್ಯಾಲೆ ಒಂದ್ ಹಿಡಿ ಬೂದಿ ಹಾಕಿ, ಹೊಸ ಹಣತೆ ಇಟ್ಟು ಬತ್ತಿದ್ರು. ನಾನೂ ಇಡ್ತೀನಿ. ಯಾಕೆ ಅಂತ ಅವ್ರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಅಲ್ಲಿ ಅಗೀರಿ ಬುದ್ಧಿ. ನಮ್ಮೋರ್ ಬೀದಿ ಸಿಗ್ತದೆ."

ನಮ್ಮೋರ್ ಬೀದಿ. ಆ ಮಾತು ಹೇಳುವಾಗ ಅಕ್ಕನ ಮುಖ ಹೇಗಿತ್ತೆಂದರೆ, ಸಾಹೇಬರಿಗೆ ಅರಮನೆ ಸಿಕ್ಕಿದ್ದರೂ ಅವರ ಮುಖ ಅಷ್ಟು ಬೆಳಗುತ್ತಿರಲಿಲ್ಲ. ಸಾಹೇಬರು, "ಇಂಥ ಸೊಟ್ಟ ಚೂರು ಹೊರಗುಂಡಿಯಲ್ಲಿ ಇನ್ನಷ್ಟು ಸಿಗಲಿ. ಸಿಕ್ಕರೆ ಯುಗಾದಿ ಕಳೆದ ಮೇಲೆ ಅಲ್ಲೇ ಗುಂಡಿ ಹಾಕೋಣ" ಎಂದು ಒಪ್ಪಿದರು. ಅಕ್ಕ ಅವತ್ತಿನಿಂದ ದಿನಾ ಬೆಳಿಗ್ಗೆ ಬಂದವರೇ ಹೊರಗುಂಡಿಯ ಮಂಕರಿಗೇ ಮೊದಲು ಕೈ ಹಾಕುತ್ತಿದ್ದರು.

ಈಗ ನನ್ನ ಕಥೆ. ಚೀಟಿಯನ್ನು ಮಡಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಅಕ್ಷರ ಯಾರಿಗೂ ಕಾಣುವುದಿಲ್ಲವಲ್ಲ. ಅದು ನನ್ನ ಕೊರಗು. ಅವತ್ತು ಯಾರೋ ದೊಡ್ಡವರು ನೋಡಲು ಬರುತ್ತಾರೆ ಎಂದು ಸುದ್ದಿ. ನಾನು ಇದ್ದ ಅಷ್ಟೂ ಚೀಟಿಗಳನ್ನು ಬಿಚ್ಚಿ, ಬಿಳಿ ಕಾಗದದಲ್ಲಿ ಹೊಸದಾಗಿ ಬರೆದು, ದಾರ ಕಟ್ಟದೆ, ರಾಶಿಗಳ ಮೇಲೆ ಮುಖ ಮೇಲಾಗಿ ಹರಡಿ, ಒಂದೊಂದಕ್ಕೂ ಒಂದು ಬೋಕಿ ಹೇರಿಟ್ಟೆ. ನೋಡಲು ಎಷ್ಟು ಚೆನ್ನಾಗಿತ್ತು ಅಂತೀರಿ! ಎರಡು ಹೆಜ್ಜೆ ಹಿಂದೆ ಸರಿದು ನಾನೇ ನೋಡಿಕೊಂಡೆ.

ದೊಡ್ಡವರು ಬರಲಿಲ್ಲ. ಸುಂಟರಗಾಳಿ ಬಂತು. ಚೈತ್ರ ಹತ್ತಿರ ಬಂದಾಗ ನಮ್ಮ ಬಯಲಲ್ಲಿ ನಡು ಮಧ್ಯಾಹ್ನ ಏಳುವ ಗಾಳಿ ಅದು. ಕಂಬದ ಹಾಗೆ ಧೂಳೆಬ್ಬಿಸಿಕೊಂಡು ಕಂದಕದಿಂದ ಹತ್ತಿ ಬಂದು, ತಾಟುಗಳ ಮೇಲೆ ಒಂದು ಸುತ್ತು ಹಾಕಿ, ಏನೂ ಆಗಿಲ್ಲವೆಂಬಂತೆ ಗೋಡೆ ದಾಟಿ ಹೋಯಿತು. ನನ್ನ ಮುತ್ತಿನ ಅಕ್ಷರವೆಲ್ಲ ಲಂಟಾನದ ಮುಳ್ಳಿಗೆ ಸಿಕ್ಕಿಕೊಂಡು ಪಟಪಟ ಎನ್ನುತ್ತಿತ್ತು. ಉಳಿದವರು ಊಟಕ್ಕೆ ಹೋಗಿದ್ದರು. ಅಕ್ಕ ಕೆರೆಗೆ ನೀರಿಗೆ ಹೋಗಿದ್ದರು. ನಾನು ಚೀಟಿಗಳನ್ನು ಆರಿಸಿಕೊಂಡು ಬಂದು, ನೆನಪಿದ್ದಷ್ಟನ್ನು ನೆನಪಿನಿಂದ, ಉಳಿದದ್ದನ್ನು ಅಂದಾಜಿನಿಂದ ರಾಶಿಗಳ ಮೇಲಿಟ್ಟೆ. ಈ ಸಲ ದಾರವನ್ನೂ ಕಟ್ಟಿದೆ. ತಪ್ಪನ್ನು ಗಂಟು ಹಾಕಿ ಭದ್ರ ಮಾಡುವುದರಲ್ಲಿ ನಾನು ಜಾಣ.

ಅಕ್ಕ ಬಂದು ಕೊಡ ಇಳಿಸಿದವರು ಒಂದು ತಾಟಿನ ಮುಂದೆ ಕೂತರು. ಕೈಯಾಡಿಸಿದರು. "ರೈಟ್ರಪ್ಪ, ಇದು ಒಳಗುಂಡೀದಾ?"

"ಚೀಟಿ ಹಂಗೇ ಹೇಳ್ತದಲ್ಲಕ್ಕ."

"ಚೀಟಿ ಏನಾರ ಹೇಳ್ಲಿ, ಇದು ನಮ್ ಕಡೆ ಸೊಟ್ಟ ಬೋಕಿ ಕಣಪ್ಪ. ಹೊರಗಿಂದು." ಇನ್ನೊಂದು ತಾಟು ಮುಟ್ಟಿದರು, ಮತ್ತೊಂದು ಮುಟ್ಟಿದರು. ಆಮೇಲೆ ಲಂಟಾನದಲ್ಲಿ ಉಳಿದಿದ್ದ ಒಂದು ಬಿಳಿ ಚೂರು ಕಾಗದದ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. "ಗಾಳಿ ಎದ್ದಿದ್ದು ಕೆರೆ ಏರಿಯಿಂದ ಕಂಡೆ. ಆಗಿದ್ದಾಯ್ತು. ಬಾ, ಇಬ್ರೂ ಕೂತು ಬೇರೆ ಮಾಡಾನ. ಒಂದು ಗಂಟೆ ಕೆಲ್ಸ. ನನ್ ಕೈಗೆ ಗೊತ್ತಾಯ್ತದೆ, ನೀನ್ ಚೀಟಿ ಇಟ್ಕೊಂಡು ಹೋಗು. ಯಾರ್ಗೂ ಹೇಳ್ಬೇಕಾಗಿಲ್ಲ."

ಓದುಗರೇ, ಇದಕ್ಕಿಂತ ದೊಡ್ಡ ಉಪಕಾರವನ್ನು ನನಗೆ ಈ ಜನ್ಮದಲ್ಲಿ ಯಾರೂ ಮಾಡಲು ಬಂದಿಲ್ಲ. ನಾನು ಏನೆಂದೆ ಗೊತ್ತೆ? "ಎ ಬಿ ಸಿ ಡಿ ಬರದೋರು ನಂಗೆ ಚೀಟಿ ಇಡೋದು ಹೇಳ್ಕೊಡ್ತೀರಾ? ನಿಮ್ ಬ್ರಷ್ ನೋಡ್ಕೊಳ್ಳಿ."

ಅಕ್ಕ ಬ್ರಷ್ಷು ತೆಗೆದುಕೊಂಡರು.

ಮೂರನೆಯ ದಿನ ಸಾಹೇಬರು ಪುಸ್ತಕ ಹಿಡಿದು ರಾಶಿಗಳ ಮುಂದೆ ಬಂದರು. ಒಳಗುಂಡಿಯ ಅತ್ಯಂತ ಕೆಳಗಿನ ಪದರ ಎಂಬ ಚೀಟಿಯ ರಾಶಿಯಿಂದ ಎರಡು ಬೆರಳಲ್ಲಿ ಒಂದು ಚೂರು ಎತ್ತಿದರು. ಬಿಳಿ ಪಿಂಗಾಣಿ. ಅಂಚಿಗೆ ಗುಲಾಬಿ ಹೂವಿನ ಬಳ್ಳಿ. ಯಾರದೋ ಮನೆಯ ಸಾಸರು.

"ಹೊಯ್ಸಳರು ಕಾಫಿಯನ್ನು ಸಾಸರಿಗೆ ಬಗ್ಗಿಸಿಕೊಂಡು ಕುಡಿಯುತ್ತಿದ್ದರೇನಯ್ಯ?" ಎಂದರು.

ಸುತ್ತಲಿದ್ದವರು ನಕ್ಕರು. ಸಾಹೇಬರು ನಗಲಿಲ್ಲ. ಸೊಟ್ಟ ಬೋಕಿಗಳ ರಾಶಿಗೂ ಒಳಗುಂಡಿಯ ಚೀಟಿ ಇದ್ದದ್ದನ್ನು ಕಂಡರು. ಅರಮನೆಯ ಅಂಗಳದಲ್ಲಿ ಯಾರು ಮಡಕೆ ಸುಡುತ್ತಾರೆ? "ಯಾರು ಬೆರೆಸಿದ್ದು ಇದನ್ನೆಲ್ಲ?" ಎಂದು ನನ್ನನ್ನು ನೋಡಿದರು.

ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ನಾನು ಹೇಳಿದ್ದು ಅಕ್ಷರಶಃ ನಿಜ. ಅಕ್ಕನ ಕಡೆ ಕೈ ತೋರಿಸಿ, "ಅವರಿಗೆ ಓದೋಕೆ ಬರಲ್ಲ ಸಾರ್" ಎಂದೆ. ಅಷ್ಟೇ.

ಅಕ್ಕ ಬಕೆಟ್ಟಿನಿಂದ ಕೈ ತೆಗೆದರು. ಸಾಹೇಬರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಹೂಂ ಬುದ್ಧಿ, ನಂಗೆ ಬರಾಕಿಲ್ಲ. ರೈಟ್ರಪ್ಪಂಗೆ ಬತ್ತದೆ" ಎಂದು, ಬ್ರಷ್ಷನ್ನು ತೊಳೆದು ಬಕೆಟ್ಟಿನ ಅಂಚಿಗೆ ಒರಗಿಸಿ ಎದ್ದರು. ಗಾಳಿಯ ವಿಷಯ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನಾನು ಬಹುಶಃ ಜಗಳವಾಡಿ ಹಗುರಾಗುತ್ತಿದ್ದೆ.

ಆ ವಾರದ ರಾಶಿಗಳನ್ನೆಲ್ಲ ನಂಬುವ ಹಾಗಿಲ್ಲವೆಂದು ವಾಪಸು ಗುಂಡಿಗೆ ಸುರಿದರು. ಅಕ್ಕನಿಗೆ ತೊಳೆಯುವ ಕೆಲಸ ಬೇಡ, ಮಣ್ಣು ಹೊರಲಿ ಎಂದರು. ಮಾರನೆಯ ದಿನದಿಂದ ಅಕ್ಕ ಬರಲಿಲ್ಲ. ಯುಗಾದಿ ಕಳೆಯಿತು. ನಂಬುವಂಥ ಸೊಟ್ಟ ಚೂರು ಉಳಿಯದೆ, ಕೆರೆ ಕಡೆಯ ದಿಬ್ಬದಲ್ಲಿ ಯಾರೂ ಗುಂಡಿ ಹಾಕಲಿಲ್ಲ. ಮುಂಗಾರಿಗೆ ಮೊದಲು ಡೇರೆ ಕಿತ್ತು ಜೀಪು ಹೊರಟಿತು. ಹೊರಡುವಾಗ ಸಾಹೇಬರು ನನ್ನ ಬೆನ್ನು ತಟ್ಟಿ, "ನಿಮ್ಮ ಅಕ್ಷರ ಬಹಳ ಚೆನ್ನಾಗಿದೆ" ಎಂದರು.

ಕೆಲವು ವರ್ಷದ ಮೇಲೆ ಆ ದಿಬ್ಬದ ಜಮೀನಿನವರು ತೆಂಗು ಇಡಲು ಜೆಸಿಬಿ ತರಿಸಿದರು. ನಾನೂ ನೋಡಲು ಹೋದೆ. ಊರಿನಲ್ಲಿ ಜೆಸಿಬಿ ನೋಡಲು ಹೋಗದವರು ಯಾರು? ಮೊದಲ ಬಕೆಟ್ಟಿಗೆ ಹುಲ್ಲು ಮಣ್ಣು. ಎರಡನೆಯದಕ್ಕೆ ಇಟ್ಟಿಗೆಯಂತೆ ಬೆಂದ ಕೆಂಪು ಮಣ್ಣು, ಅದರ ಕೆಳಗೆ ಮೊಣಕಾಲೆತ್ತರ ಬೂದಿ. ಬೂದಿಯ ತುಂಬ ಸೊಟ್ಟ ಸೊಟ್ಟ ಮಡಕೆಗಳು, ಒಂದಕ್ಕೊಂದು ಅಂಟಿಕೊಂಡು. ಒಂದು ಗೂಡಲ್ಲ, ಸಾಲಿಗೆ ನಾಲ್ಕೋ ಐದೋ. ಬೀದಿಯೇ. ಸಂಜೆಯೊಳಗೆ ಟ್ರ್ಯಾಕ್ಟರಿನಲ್ಲಿ ಒಯ್ದು ಅದನ್ನು ರಸ್ತೆಯ ಹಳ್ಳಕ್ಕೆ ತುಂಬಿದರು. ಬೆಂದ ಮಣ್ಣು ಗಟ್ಟಿ ಕೂರುತ್ತದಂತೆ. ನಾನು ತಡೆಯಲಿಲ್ಲ. ಏನೆಂದು ಹೇಳಿ ತಡೆಯಲಿ?

ಅಕ್ಕ ಮಾತು ಬಿಟ್ಟವರಲ್ಲ. ಅದೇ ಕಷ್ಟ. ಪ್ರತಿ ಬೇಸಿಗೆ ಹಳೇಬೀಡಿನ ಸಂತೆಯಲ್ಲಿ ಮಡಕೆ ಹರಡಿಕೊಂಡು ಕೂರುತ್ತಿದ್ದರು. ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಮನೆಯಿಂದ ಹೊರಡುವೆ. ಎದುರಿಗೆ ಕೂತು ಒಂದು ಮಡಕೆ ಎತ್ತಿ, ಬೆರಳಿಂದ ತಟ್ಟಿ, ಬಾಯಿಗೆ ಬಂದದ್ದು, "ಸೋರಲ್ಲ ತಾನೇ ಅಕ್ಕ?"

"ನಾಕ್ ದಿನ ನೀರ್ ತುಂಬಿ ಇಡು ರೈಟ್ರಪ್ಪ, ಆಮ್ಯಾಕೆ ನೀನೇ ಹೇಳು."

ಅಷ್ಟೇ ಮಾತು. ಹಾಗೆ ಹನ್ನೊಂದು ಬೇಸಿಗೆಗೆ ಹನ್ನೊಂದು ಮಡಕೆ ಮನೆಗೆ ಬಂದವು. ಒಂದೂ ಸೋರಲಿಲ್ಲ. ಹನ್ನೆರಡನೆಯ ಬೇಸಿಗೆ ಅವರ ಜಾಗದಲ್ಲಿ ಪ್ಲಾಸ್ಟಿಕ್ ಬಿಂದಿಗೆ ಮಾರುವವನು ಕೂತಿದ್ದ. ಅಕ್ಕ ಕಣಕಟ್ಟೆಯ ಮಗಳ ಮನೆಗೆ ಹೋದರೆಂದ. ಎರಡು ಸಲ ಕಣಕಟ್ಟೆಗೆಂದು ಹೊರಟೆ. ಎರಡು ಸಲವೂ ಅರಸೀಕೆರೆಯಲ್ಲಿ ಇಳಿದು, ಮಸಾಲೆ ದೋಸೆ ತಿಂದು, ವಾಪಸು ಬಸ್ಸು ಹತ್ತಿದೆ. ಮೂರನೆಯ ಸಲ ಕಣಕಟ್ಟೆಯಲ್ಲೇ ಇಳಿದೆ. ಮಗಳು ಬಾಗಿಲಿಗೆ ಬಂದು, "ಅವ್ವ ಹೋಗಿ ಎಂಟು ತಿಂಗ್ಳಾಯ್ತಲ್ಲಣ್ಣ" ಎಂದಳು. ಕುಡಿಯಲು ನೀರು ಕೊಟ್ಟಳು. ಮಡಕೆಯ ನೀರು.

ಇಷ್ಟು ಬರೆದು ಮತ್ತೆ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದೆ. ಹೋದ ಶನಿವಾರ ಹಾಸನದ ಕಡೆಯ ಕಾಲೇಜಿನ ಮಕ್ಕಳು ಕೋಟೆಗೋಡೆ ಅಳೆಯಲು ಬಂದರು. ಹಳೆಯ ಅಗೆತದಲ್ಲಿ ಕೆಲಸ ಮಾಡಿದವರು ಎಂದು ಯಾರೋ ನನ್ನನ್ನು ಕರೆಸಿದರು. ತೆಂಗಿನ ತೋಟದ ಬದುವಿನಲ್ಲಿ ಒಂದು ಹುಡುಗಿ ಸೊಟ್ಟ ಚೂರೊಂದನ್ನು ಎತ್ತಿ, "ತಾತ, ಇದೇನು, ಹಂಚಾ?" ಎಂದಳು.

ಕೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಅಂಚಿನ ಮೇಲೆ ಹೋಯಿತು. "ಇದು ಬಳಸಿದ ಮಡಕೆ ಅಲ್ಲಮ್ಮ. ಗೂಡಲ್ಲೇ ಕೆಟ್ಟದ್ದು. ಕೆಟ್ಟ ಮಡಕೆಯನ್ನು ಯಾರೂ ದೂರ ಹೊರುವುದಿಲ್ಲ. ಕುಂಬಾರರ ಬೀದಿ ಇಲ್ಲೇ ಇತ್ತು."

ಮಕ್ಕಳೆಲ್ಲ ಸುತ್ತ ನಿಂತು ನನ್ನನ್ನೇ ನೋಡಿದರು. ಅವರ ಮೇಡಂ, "ಎಂಥ ತಿಳುವಳಿಕೆ ನಿಮ್ಮದು!" ಎಂದರು. ಸುಳ್ಳೇಕೆ, ಅರ್ಧ ನಿಮಿಷ ಆ ಮಾತು ಸಿಹಿಯಾಗಿಯೇ ಇತ್ತು. ಹುಡುಗಿ ಚೀಟಿ ತೆಗೆದು, ಜಾಗ ಬರೆದು, ದಿನ ಬರೆದು, "ಮಾಹಿತಿ ಕೊಟ್ಟವರು ಅಂತ ನಿಮ್ಮ ಹೆಸರು ಹಾಕ್ತೀನಿ ತಾತ, ಹೇಳಿ" ಎಂದಳು.

ಅಗೆತದ ಆ ಹಳೆಯ ಪುಸ್ತಕದಲ್ಲಿ ಕೂಲಿಯವರ ಹೆಸರು ಬರೆದವನೂ ನಾನೇ. ಎಲ್ಲರ ಹೆಸರೂ ಇತ್ತು. ಅಕ್ಕನ ಸಾಲಿನಲ್ಲಿ ಮಾತ್ರ 'ತೊಳೆಯುವ ಹೆಂಗಸು' ಎಂದು ಬರೆದಿದ್ದೆ. ಅದನ್ನೂ ಮುತ್ತಿನ ಅಕ್ಷರದಲ್ಲಿ.

"ಇಲ್ಲಿ ಕೊಡಮ್ಮ, ನಾನೇ ಬರೀತೀನಿ," ಎಂದೆ. ಎಪ್ಪತ್ತು ದಾಟಿದೆ ಈಗ. ಆದರೂ ಅಕ್ಷರ ಕೆಡಲಿಲ್ಲ. ಬರೆದು, ಪ್ಲಾಸ್ಟಿಕ್ಕಿನಲ್ಲಿ ಮಡಿಸಿ, ದಾರ ಸುತ್ತಿ ಎರಡು ಗಂಟು ಹಾಕಿದೆ.

"ಇವರು ಯಾರು ತಾತ?"

ಬದುವಿನ ಮೇಲೆ ಕೂತು ಹೇಳಿದೆ. ಗಾಳಿ, ಸಾಸರು, ನಾನು ಆಡಿದ ಆ ನಿಜ, ಎಲ್ಲವನ್ನೂ. ಊರಿನ ನಾಲ್ಕು ಜನವೂ ಅಲ್ಲಿದ್ದರು. ಮನೆಗೆ ಬಂದು ನನ್ನಾಕೆಗೂ ಹೇಳಿದೆ. ಅವಳು ರಾಗಿ ಹಿಟ್ಟು ತಿರುವುತ್ತಲೇ, "ಹನ್ನೊಂದು ಮಡಕೆ ಮನೇಗ್ ಬಂದ್ರೆ ಹೆಂಡ್ತಿಗೆ ಗೊತ್ತಾಗಲ್ವೇನ್ರೀ? ಆದ್ರೆ ನಂಗ್ ಹೇಳಿ ಏನ್ ಬಂತು" ಎಂದಳು.

ಸರಿಯೇ. ಹೇಳಬೇಕಾಗಿದ್ದದ್ದು ಅವಳಿಗಲ್ಲ, ಕಾಲೇಜಿನ ಮಕ್ಕಳಿಗಲ್ಲ, ನಿಮಗೂ ಅಲ್ಲ. ಸಂತೆಯಲ್ಲಿ ಒಂದು ಮೊಳ ದೂರದಲ್ಲಿ, ಹನ್ನೊಂದು ಸಲ, ನನ್ನ ಮಾತಿಗಾಗಿ ಮಡಕೆ ಕೊಟ್ಟು ಕಾದು ಕೂತಿದ್ದವರಿಗೆ. ಕಣಕಟ್ಟೆಯಲ್ಲಿ ಹುಟ್ಟಿದವರು, ನಮ್ಮೂರ ಕುಂಬಾರರ ಸೊಸೆ, ಪುಟ್ಟನಿಂಗಮ್ಮ.